ಅಮೆರಿಕದ ಗಡಿಯಾರ ಜಿಗಿದಾಗ ನಿಮ್ಮ ಲೆಕ್ಕ ತಪ್ಪದ ಹಾಗೆ ಕೋಡ್ ಬರೆಯೋದು: ಡಿಎಸ್‌ಟಿ ಸಮಗ್ರ ಮಾರ್ಗದರ್ಶಿ

ಪ್ರತಿ ಮಾರ್ಚ್, ಪ್ರತಿ ನವೆಂಬರ್, ಒಂದು ಸೋಮವಾರ ಬೆಳಗ್ಗೆ ನನ್ನ ವಾಟ್ಸಾಪ್‌ಗೆ ಒಂದೇ ಥರದ ಮೆಸೇಜ್‌ಗಳು ಬರೋಕೆ ಶುರುವಾಗುತ್ತೆ. "ಅಣ್ಣಾ, ರಿಪೋರ್ಟಲ್ಲಿ ಒಂದು ಗಂಟೆ ಎಲ್ಲೋ ಹೋಗೈತೆ", "ರಿಮೈಂಡರ್ ಎಲ್ಲಾ ಒಂದ್ ಗಂಟೆ ಲೇಟಾಗಿ ಹೋಗಿದೆ, ಕ್ಲೈಂಟ್ ಕೂಗಾಡ್ತಾವ್ರೆ", "ಕೋಡ್ ಮುಟ್ಟೇ ಇಲ್ಲ ಅಣ್ಣಾ, ತಾನಾಗೇ ಕೆಟ್ಟೋಯ್ತು". ತುಮಕೂರಲ್ಲೇ ಮನೇಲಿ ಕೂತು ಅಮೆರಿಕ, ಲಂಡನ್, ಆಸ್ಟ್ರೇಲಿಯಾ ಕಡೆಯವರಿಗೆ ಕೆಲಸ ಮಾಡೋರು ಈಗ ಜಾಸ್ತಿ ಆಗಿದಾರೆ, ಎಲ್ಲರೂ ಬೀಳೋದು ಇದೇ ಡಿಎಸ್‌ಟಿ ಗುಂಡಿಗೆ (ಡೇಲೈಟ್ ಸೇವಿಂಗ್ ಟೈಮ್, ಅಂದ್ರೆ ಬೇಸಿಗೇಲಿ ಗಡಿಯಾರನ ಸಾಮಾನ್ಯವಾಗಿ ಒಂದು ಗಂಟೆ ಮುಂದಕ್ಕೆ, ಚಳಿಗಾಲದಲ್ಲಿ ವಾಪಸ್ ಹಿಂದಕ್ಕೆ ಸರಿಸೋ ಪದ್ಧತಿ), ಎದ್ದು ಮೈ ಕೊಡವ್ಕೊಂಡು ಆರು ತಿಂಗಳಾದ್ಮೇಲೆ ಮತ್ತೆ ಅಲ್ಲೇ ಬೀಳ್ತಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿ ಒಂದೇ ಕಡೆ ಬರೀತಿದೀನಿ.

ತಪ್ಪು ಎಲ್ಲಿ ಆಗುತ್ತೆ ಅಂದ್ರೆ, ನಾವು ಸೀದಾ ಟೈಮ್ ಕನ್ವರ್ಟ್ ಮಾಡೋಕೆ ಹೋಗ್ತೀವಿ. ಕೈಲಿರೋದು ಯಾವ ಜಾತಿ ಟೈಮು ಅಂತ ಕೇಳ್ಕೊಳ್ಳೋದೇ ಇಲ್ಲ. ಅದಕ್ಕೇ ಕೆಳಗಿನ ಹಂತಗಳನ್ನ ಇದೇ ಆರ್ಡರಲ್ಲಿ ಮಾಡಿ, ಮೊದಲನೇದು ಬಿಟ್ಟು ನಾಲ್ಕನೇದಕ್ಕೆ ಹಾರಬೇಡಿ. ಇನ್ನೊಂದು ಮಾತು, ಫಂಕ್ಷನ್ ಹೆಸರು, ಜೋನ್ ಹೆಸರು ಎಲ್ಲಾ ಇಲ್ಲಿ ಕನ್ನಡ ಅಕ್ಷರದಲ್ಲೇ ಹಾಕಿದೀನಿ, ಎಡಿಟರ್‌ನಲ್ಲಿ ಟೈಪ್ ಮಾಡೋವಾಗ ನೀವೇ ಇಂಗ್ಲಿಷಿಗೆ ತಿರುಗಿಸ್ಕೊಳ್ಳಿ.

## ಶುರು ಮಾಡೋಕೆ ಮುಂಚೆ ಏನೇನು ಬೇಕು

ಮೊದಲು ಒಂದು ಪೇಪರ್ ಮೇಲೆ ಈ ತಾರೀಖುಗಳನ್ನ ಬರ್ಕೊಳ್ಳಿ, ಗೋಡೆಗೆ ಅಂಟಿಸಿದ್ರೂ ತಪ್ಪಿಲ್ಲ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಬೆಳಗಿನ ಜಾವ 2 ಗಂಟೆಗೆ ಗಡಿಯಾರ ಸೀದಾ 3ಕ್ಕೆ ಹೋಗುತ್ತೆ, ನವೆಂಬರ್ ಮೊದಲನೇ ಭಾನುವಾರ 2 ಗಂಟೆಗೆ ವಾಪಸ್ 1ಕ್ಕೆ ಬರುತ್ತೆ. 2026ರಲ್ಲಿ ಅದು ಮಾರ್ಚ್ 8 ಮತ್ತು ನವೆಂಬರ್ 1. ಬ್ರಿಟನ್ ಮತ್ತು ಯುರೋಪಿಯನ್ ಯೂನಿಯನ್‌ನಲ್ಲಿ ಮಾರ್ಚ್ ಕೊನೇ ಭಾನುವಾರ, ಅಕ್ಟೋಬರ್ ಕೊನೇ ಭಾನುವಾರ, ಅಂದ್ರೆ 2026ರಲ್ಲಿ ಮಾರ್ಚ್ 29 ಮತ್ತು ಅಕ್ಟೋಬರ್ 25. ಸಿಡ್ನಿ ಉಲ್ಟಾ, ಅವರದ್ದು ಏಪ್ರಿಲ್ ಮೊದಲನೇ ಭಾನುವಾರ ಹಿಂದಕ್ಕೆ, ಅಕ್ಟೋಬರ್ ಮೊದಲನೇ ಭಾನುವಾರ ಮುಂದಕ್ಕೆ.

ಅಮೆರಿಕ ಮತ್ತು ಲಂಡನ್ ಒಂದೇ ದಿನ ಬದಲಾಗಲ್ಲ ಅನ್ನೋದನ್ನ ಗಮನಿಸಿ. ಮಾರ್ಚ್ 8ರಿಂದ 29ರವರೆಗೆ ಮೂರು ವಾರ ನ್ಯೂಯಾರ್ಕ್‌ಗೂ ಲಂಡನ್‌ಗೂ 5 ಗಂಟೆ ಬದಲು 4 ಗಂಟೆ ವ್ಯತ್ಯಾಸ ಇರುತ್ತೆ, ಅಕ್ಟೋಬರ್ ಕೊನೇ ವಾರವೂ ಹಂಗೇ. ಎರಡೂ ಕಡೆ ಆಫೀಸ್ ಇರೋ ಕ್ಲೈಂಟ್ ಇದ್ರೆ ಆ ವಾರಗಳಲ್ಲೇ ಗಲಾಟೆ ಆಗೋದು.

ಸಾಮಾನು ಅಂದ್ರೆ ಟೈಮ್‌ಜೋನ್ ಡೇಟಾಬೇಸ್, ಐಎಎನ್ಎ (ಇಂಟರ್ನೆಟ್ಟಿನ ಹೆಸರು, ನಂಬರ್ ನೋಡ್ಕೊಳ್ಳೋ ಸಂಸ್ಥೆ) ಅವರ ಟಿಜೆಡ್‌ಡೇಟಾ. ಇದು ಬರೀ ಲಿನಕ್ಸ್ ಮಷೀನಲ್ಲಿ ಇದ್ರೆ ಸಾಕು ಅಂದ್ಕೋಬೇಡಿ. ಜಾವಾ ತನ್ನ ಜೊತೆಗೇ ಒಂದು ಕಾಪಿ ಇಟ್ಕೊಂಡಿರುತ್ತೆ, ನೋಡ್.ಜೆಎಸ್ ತನ್ನ ಐಸಿಯು ಅನ್ನೋ ಲೈಬ್ರರಿ ಒಳಗೆ ಇನ್ನೊಂದು ಇಟ್ಕೊಂಡಿರುತ್ತೆ, ವಿಂಡೋಸಲ್ಲಿ ಪೈಥಾನ್ ಓಡಿಸ್ತಿದ್ರೆ ಟಿಜೆಡ್‌ಡೇಟಾ ಅನ್ನೋ ಪ್ಯಾಕೇಜ್ ನೀವೇ ಹಾಕ್ಬೇಕು, ಆಲ್ಪೈನ್ ಡಾಕರ್ ಇಮೇಜಲ್ಲಿ ಡೀಫಾಲ್ಟಾಗಿ ಇರೋದೇ ಇಲ್ಲ. ಎಲ್ಲೆಲ್ಲಿ ಯಾವ ವರ್ಷನ್ ಇದೆ ಅಂತ ಒಂದು ಸಲ ನೋಡಿ ಬರೆದಿಟ್ಕೊಳ್ಳಿ, ಆಮೇಲೆ ಉಪಯೋಗಕ್ಕೆ ಬರುತ್ತೆ.

## ಹಂತ 1: ಹಿಟ್ಟಿನ ಟೈಮಾ, ಬಾಗಿಲ ಟೈಮಾ?

ಕ್ಯಾತ್ಸಂದ್ರದ ಒಂದು ತಟ್ಟೆ ಇಡ್ಲಿ ಹೋಟ್ಲು ಅಂದ್ಕೊಳ್ಳಿ. ರಾತ್ರಿ ಹತ್ತಕ್ಕೆ ರುಬ್ಬಿಟ್ಟ ಹಿಟ್ಟು ಎಂಟು ಗಂಟೆ ಹುದುಗಬೇಕು. ಹೋಟ್ಲು ಬಾಗಿಲು ತೆಗೆಯೋದು ಬೆಳಗ್ಗೆ ಆರಕ್ಕೆ. ನಮ್ಮೂರಲ್ಲಿ ಇವೆರಡೂ ವರ್ಷದ 365 ದಿನವೂ ಒಂದೇ ಹೊತ್ತಿಗೆ ಬಂದು ಕೂಡುತ್ತೆ, ಅದಕ್ಕೇ ಇವು ಬೇರೆ ಬೇರೆ ಅಂತ ನಮ್ಮ ತಲೆಗೇ ಹೊಳೆಯಲ್ಲ. ಅದೇ ಹೋಟ್ಲನ್ನ ಎತ್ಕೊಂಡೋಗಿ ನ್ಯೂಜೆರ್ಸಿಯಲ್ಲಿ ಇಡಿ. 2026 ಮಾರ್ಚ್ 7 ಶನಿವಾರ ರಾತ್ರಿ ಹತ್ತಕ್ಕೆ ರುಬ್ಬಿದ್ರೆ ಭಾನುವಾರ ಬೆಳಗ್ಗೆ ಆರಕ್ಕೆ ಹಿಟ್ಟಿಗೆ ಆಗಿರೋದು ಏಳೇ ಗಂಟೆ. ಗಿರಾಕಿ ಮಾತ್ರ ಆರಕ್ಕೇ ಬಂದು ನಿಂತಿರ್ತಾನೆ.

ನಿಮ್ಮ ಕೋಡಲ್ಲಿರೋ ಪ್ರತಿಯೊಂದು ಟೈಮ್ ಫೀಲ್ಡನ್ನೂ ಹಿಂಗೆ ಬೇರೆ ಮಾಡಿ. ಲಾಗಿನ್ ಟೋಕನ್ ಎಷ್ಟೊತ್ತಿಗೆ ಎಕ್ಸ್‌ಪೈರ್ ಆಗ್ಬೇಕು, ಮಷೀನ್ ಎಷ್ಟು ಗಂಟೆ ಓಡ್ತು, ಶಿಫ್ಟಲ್ಲಿ ಎಷ್ಟು ಹೊತ್ತು ಕೆಲಸ ಮಾಡಿದ್ರು, ಇವೆಲ್ಲಾ ಹಿಟ್ಟಿನ ಟೈಮು, ನಿಜವಾಗ್ಲೂ ಕಳೆದ ಹೊತ್ತು. ದಿನಾ ಬೆಳಗ್ಗೆ 9ಕ್ಕೆ ರಿಮೈಂಡರ್, ಮಂಗಳವಾರ ಹತ್ತು ಗಂಟೆ ಮೀಟಿಂಗ್, ಡಾಕ್ಟರ್ ಅಪಾಯಿಂಟ್‌ಮೆಂಟ್, ಇವೆಲ್ಲಾ ಬಾಗಿಲ ಟೈಮು, ಗೋಡೆ ಮೇಲಿರೋ ಗಡಿಯಾರ ಏನು ತೋರಿಸುತ್ತೋ ಅದು. ಮೂರನೇ ಜಾತಿನೂ ಒಂದಿದೆ, ಬರೀ ತಾರೀಖು. ಹುಟ್ಟಿದ ದಿನ, ಇನ್‌ವಾಯ್ಸ್ ತಾರೀಖು, ರಜಾ ದಿನ. ಇದಕ್ಕೆ ಗಂಟೆನೂ ಇಲ್ಲ ಜೋನೂ ಇಲ್ಲ, ಹಾಕೋಕೂ ಹೋಗಬೇಡಿ.

ಬಾಗಿಲ ಟೈಮ್ ಆದ್ರೆ ಇನ್ನೊಂದು ಪ್ರಶ್ನೆ ಇದೆ, ಯಾರ ಬಾಗಿಲು? ನಿಮ್ಮ ಸ್ಟ್ಯಾಂಡಪ್ ಮೀಟಿಂಗ್ ನ್ಯೂಯಾರ್ಕಿನ ಬೆಳಗ್ಗೆ 10ಕ್ಕೆ ಅಂತಾದ್ರೆ ನಮಗೆ ಅದು ಬೇಸಿಗೇಲಿ ಸಂಜೆ 7:30, ಚಳಿಗಾಲದಲ್ಲಿ ರಾತ್ರಿ 8:30. ನಮ್ಮ 7:30 ಅಂತ ಫಿಕ್ಸ್ ಆದ್ರೆ ಅವರಿಗೆ ಒಮ್ಮೆ 10, ಒಮ್ಮೆ 9. ಇದನ್ನ ಡೆವಲಪರ್ ಊಹೆ ಮಾಡ್ಬಾರ್ದು, ಕ್ಲೈಂಟ್ ಹತ್ರ ಕೇಳಿ ಮೇಲ್‌ನಲ್ಲಿ ಬರೆಸ್ಕೊಳ್ಳಿ. ನಮ್ಮ ದೊಡ್ಡಮ್ಮಂಗೆ ಇದು ನಮಗಿಂತ ಚೆನ್ನಾಗಿ ಗೊತ್ತು ಕಣ್ರೀ, ಡಲ್ಲಾಸಲ್ಲಿರೋ ಮಗನಿಗೆ ಫೋನ್ ಮಾಡೋಕೆ "ದೀಪಾವಳಿ ಆಸುಪಾಸಿಂದ ಒಂದ್ ಗಂಟೆ ತಡೆದು ಮಾಡ್ಬೇಕು, ಇಲ್ದಿದ್ರೆ ಮಲಗಿರ್ತಾನೆ" ಅಂತಾರೆ. ಯಾರ ಗಡಿಯಾರ ಮುಖ್ಯ ಅಂತ ಅವರು ಮೊದಲೇ ತೀರ್ಮಾನ ಮಾಡ್ಕೊಂಡಿದಾರೆ.

## ಹಂತ 2: ಜೋನ್ ಹೆಸರು ಪೂರ್ತಿ ಹಿಡೀರಿ, ಗಂಟೆ ಹಿಡೀಬೇಡಿ

ಮೈನಸ್ 5 ಅನ್ನೋದು ಟೈಮ್‌ಜೋನ್ ಅಲ್ಲ. ಅದು ಆಫ್‌ಸೆಟ್, ಅಂದ್ರೆ ಯುಟಿಸಿಯಿಂದ (ಇಡೀ ಜಗತ್ತಿಗೆ ಒಂದೇ ಆಗಿರೋ, ಡಿಎಸ್‌ಟಿ ಇಲ್ಲದ ಟೈಮು) ಎಷ್ಟು ಗಂಟೆ ಹಿಂದೆ ಮುಂದೆ ಅನ್ನೋದು, ಒಂದು ಕ್ಷಣಕ್ಕೆ ಮಾತ್ರ ನಿಜ. ಟೈಮ್‌ಜೋನ್ ಅಂದ್ರೆ ಅಮೆರಿಕಾ/ನ್ಯೂಯಾರ್ಕ್, ಯುರೋಪ್/ಲಂಡನ್, ಏಷ್ಯಾ/ಕೋಲ್ಕತಾ ಅನ್ನೋ ಹೆಸರು, ಯಾವಾಗ ಯಾವ ಆಫ್‌ಸೆಟ್ ಅನ್ನೋ ರೂಲ್ಸ್ ಎಲ್ಲಾ ಅದರ ಹಿಂದೆ ಇರುತ್ತೆ. ಯೂಸರ್ ಪ್ರೊಫೈಲಲ್ಲಿ ಈ ಹೆಸರನ್ನೇ ಸ್ಟೋರ್ ಮಾಡಿ.

ಮೂರಕ್ಷರದ ಶಾರ್ಟ್ ಫಾರ್ಮ್ ನಂಬಬೇಡಿ. ಐಎಸ್‌ಟಿ ಅಂದ್ರೆ ನಮಗೆ ಇಂಡಿಯಾ, ಐರ್ಲೆಂಡಿನವರಿಗೆ ಅವರ ಬೇಸಿಗೆ ಟೈಮು, ಇಸ್ರೇಲಿನವರಿಗೆ ಅವರದ್ದು. ಸಿಎಸ್‌ಟಿ ಅಂದ್ರೆ ಶಿಕಾಗೋನೂ ಆಗಬಹುದು ಚೀನಾನೂ ಆಗಬಹುದು. ಇನ್ನು ಇಎಸ್‌ಟಿ (ನ್ಯೂಯಾರ್ಕ್ ಕಡೆಯ ಚಳಿಗಾಲದ ಟೈಮು) ಅಂತ ವರ್ಷಪೂರ್ತಿ ಬರೆಯೋ ಕ್ಲೈಂಟ್‌ಗಳು ಇರ್ತಾರೆ, ಬೇಸಿಗೇಲಿ ಅದು ಇಡಿಟಿ ಅಂತ ಅವರಿಗೇ ನೆನಪಿರಲ್ಲ, ನೀವು ಅಕ್ಷರಶಃ ತಗೊಂಡ್ರೆ ಒಂದು ಗಂಟೆ ಹೋಯ್ತು.

ರಾಜ್ಯ ನೋಡಿ ಊಹೆ ಮಾಡೋದೂ ಬೇಡ. ಅರಿಜೋನಾದಲ್ಲಿ ಡಿಎಸ್‌ಟಿ ಇಲ್ಲ, ಆದ್ರೆ ಅದೇ ರಾಜ್ಯದೊಳಗಿನ ನವಾಹೋ ನೇಷನ್‌ನಲ್ಲಿ ಇದೆ. ಆಸ್ಟ್ರೇಲಿಯಾದಲ್ಲಿ ಸಿಡ್ನಿಗೆ ಇದೆ, ಬ್ರಿಸ್ಬೇನ್‌ಗೆ ಇಲ್ಲ. ಲಾರ್ಡ್ ಹೋವ್ ಅನ್ನೋ ದ್ವೀಪದಲ್ಲಿ ಅರ್ಧ ಗಂಟೆ ಮಾತ್ರ ಸರಿಯುತ್ತೆ, ಹಂಗಾಗಿ "ಡಿಎಸ್‌ಟಿ ಅಂದ್ರೆ 3600 ಸೆಕೆಂಡ್" ಅಂತ ಬರೆದ ಕೋಡೂ ತಪ್ಪು.

ಬ್ರೌಸರ್‌ನಿಂದ ಜೋನ್ ಹೆಸರು ತಗೊಂಡ್ರೆ ನಮ್ಮೂರಿನ ಮಷೀನಿಂದ ಏಷ್ಯಾ/ಕಲ್ಕತ್ತಾ ಅನ್ನೋ ಹಳೇ ಹೆಸರು ಬರೋದುಂಟು. ಎರಡೂ ಒಂದೇ, ಅಲಿಯಾಸ್ ಅಷ್ಟೆ. ಸ್ಟ್ರಿಂಗ್ ಹೋಲಿಸಿ ಎರರ್ ಎಸೆಯೋ ಕೋಡ್ ಇದ್ರೆ ತೆಗೆದುಬಿಡಿ.

## ಹಂತ 3: ಡೇಟಾಬೇಸಲ್ಲಿ ಇಡೋ ರೀತಿ

"ಎಲ್ಲಾನೂ ಯುಟಿಸಿಯಲ್ಲಿ ಇಟ್ಬಿಡಿ ಸಾಕು" ಅಂತ ಎಲ್ಲಾ ಕಡೆ ಹೇಳ್ತಾರೆ, ನಾನೂ ಬಹಳ ದಿನ ಅದನ್ನೇ ನಂಬಿದ್ದೆ. ಅರ್ಧ ಸತ್ಯ ಅದು. ಆಗಿ ಹೋಗಿರೋದಕ್ಕೆ ಸರಿ: ಪಂಚ್ ಮಾಡಿದ ಟೈಮು, ಪೇಮೆಂಟ್ ಆದ ಟೈಮು, ಲಾಗು. ಮುಂದೆ ಆಗಬೇಕಾಗಿರೋ ಬಾಗಿಲ ಟೈಮಿಗೆ ತಪ್ಪು.

ಯಾಕಂದ್ರೆ ದೇಶಗಳು ರೂಲ್ಸ್ ಬದಲಾಯಿಸ್ತಾನೇ ಇರ್ತಾವೆ. ಬ್ರೆಜಿಲ್ 2019ರಲ್ಲಿ ಡಿಎಸ್‌ಟಿ ನಿಲ್ಲಿಸ್ತು, ಮೆಕ್ಸಿಕೋ 2022ರಲ್ಲಿ ಹೆಚ್ಚಿನ ಭಾಗದಲ್ಲಿ ನಿಲ್ಲಿಸ್ತು, ಈಜಿಪ್ಟ್ 2023ರಲ್ಲಿ ವಾಪಸ್ ತಂತು. ಅದೇ 2023ರ ಮಾರ್ಚಲ್ಲಿ ಲೆಬನಾನ್ ಸರ್ಕಾರ ಬದಲಾವಣೆಗೆ ಕೆಲವೇ ದಿನ ಇರೋವಾಗ ಮುಂದಕ್ಕೆ ಹಾಕ್ತೀವಿ ಅಂತು, ಆಮೇಲೆ ಆ ತೀರ್ಮಾನನೇ ವಾಪಸ್ ತಗೊಳ್ತು, ಮಧ್ಯೆ ಕೆಲವು ದಿನ ಒಂದೇ ದೇಶದಲ್ಲಿ ಎರಡು ಟೈಮ್ ಓಡ್ತಿತ್ತು. ಮುಂದಿನ ವರ್ಷದ ಹತ್ತು ಗಂಟೆ ಅಪಾಯಿಂಟ್‌ಮೆಂಟನ್ನ ಇವತ್ತಿನ ರೂಲ್ ಪ್ರಕಾರ ಯುಟಿಸಿ ಮಾಡಿ ಇಟ್ಟು ಮೂಲ ಎಸೆದುಬಿಟ್ರೆ, ನಾಳೆ ರೂಲ್ ಬದಲಾದಾಗ ಅದು ಹತ್ತಾ ಒಂಬತ್ತಾ ಅಂತ ಹೇಳೋಕೆ ಯಾರಿಂದಲೂ ಆಗಲ್ಲ.

ಅದಕ್ಕೆ ಮುಂದಿನ ಈವೆಂಟ್‌ಗೆ ಮೂರು ಕಾಲಮ್ ಇಡಿ. ಸ್ಥಳೀಯ ತಾರೀಖು-ಗಂಟೆ, ಜೋನ್ ಹೆಸರು, ಮತ್ತೆ ಅವೆರಡರಿಂದ ಲೆಕ್ಕ ಹಾಕಿದ ಯುಟಿಸಿ. ಮೂರನೇದು ಬರೀ ಹುಡುಕೋಕೆ, ಸಾರ್ಟ್ ಮಾಡೋಕೆ. ಟಿಜೆಡ್‌ಡೇಟಾ ಅಪ್‌ಡೇಟ್ ಆದಾಗಲೆಲ್ಲಾ ಇನ್ನೂ ಆಗದೇ ಇರೋ ಈವೆಂಟ್‌ಗಳ ಮೂರನೇ ಕಾಲಮ್ ಮಾತ್ರ ಮತ್ತೆ ಲೆಕ್ಕ ಹಾಕೋ ಒಂದು ಚಿಕ್ಕ ಜಾಬ್ ಬರೆದಿಡಿ.

ಪೋಸ್ಟ್‌ಗ್ರೆಸ್ ಬಳಸೋರು ಟೈಮ್‌ಸ್ಟ್ಯಾಂಪ್‌ಟಿಜೆಡ್ ಅನ್ನೋ ಹೆಸರು ನೋಡಿ ಜೋನ್ ಒಳಗೆ ಸೇವ್ ಆಗುತ್ತೆ ಅಂದ್ಕೋತಾರೆ. ಆಗಲ್ಲ. ಅದು ಯುಟಿಸಿಗೆ ತಿರುಗಿಸಿ ಇಟ್ಕೊಳ್ಳುತ್ತೆ, ಜೋನನ್ನ ಬಿಸಾಕುತ್ತೆ. ಮೈಎಸ್‌ಕ್ಯೂಎಲ್‌ನಲ್ಲಿ ಡೇಟ್‌ಟೈಮ್‌ಗೆ ಜೋನ್ ಅನ್ನೋದೇ ಇಲ್ಲ, ಟೈಮ್‌ಸ್ಟ್ಯಾಂಪ್ ಸೆಷನ್ ಜೋನ್ ನೋಡ್ಕೊಂಡು ತಿರುಗಿಸುತ್ತೆ, ಅದೂ 2038 ಜನವರಿ 19ರವರೆಗೆ ಮಾತ್ರ. ಕನ್ವರ್ಟ್_ಟಿಜೆಡ್ ಫಂಕ್ಷನ್ ಹಾಕಿ ಬರೀ ನಲ್ ಬರ್ತಿದ್ರೆ ತಲೆ ಕೆಡಿಸ್ಕೋಬೇಡಿ, ಟೈಮ್‌ಜೋನ್ ಟೇಬಲ್‌ಗಳು ಲೋಡ್ ಆಗಿದಾವಾ ಅಂತ ಮೊದಲು ನೋಡಿ.

## ಹಂತ 4: ಕೂಡೋದು, ಕಳೆಯೋದು. ಇಲ್ಲೇ ಎಲ್ಲರೂ ಬೀಳೋದು

ಹಿಟ್ಟಿನ ಟೈಮಿಗೆ ಆರ್ಡರ್ ಹಿಂಗೆ: ಮೊದಲು ಯುಟಿಸಿಗೆ ತಿರುಗಿಸಿ, ಅಲ್ಲಿ ಗಂಟೆ ನಿಮಿಷ ಕೂಡಿಸಿ ಕಳೀರಿ, ಕೊನೇಲಿ ತೋರಿಸೋಕೆ ಮಾತ್ರ ಸ್ಥಳೀಯ ಟೈಮಿಗೆ ತನ್ನಿ.

ಬಾಗಿಲ ಟೈಮಿಗೆ ಪೂರ್ತಿ ಉಲ್ಟಾ: ಸ್ಥಳೀಯ ತಾರೀಖಿಗೆ ದಿನ, ವಾರ, ತಿಂಗಳು ಕೂಡಿಸಿ, ಗಂಟೆ ಹಂಗೇ ಇಡಿ, ಆಮೇಲೆ ಜೋನ್ ಹಚ್ಚಿ, ಆ ಗಂಟೆ ನಿಜವಾಗ್ಲೂ ಇದೆಯಾ ಅಂತ ನೋಡಿ, ಎಲ್ಲಾ ಆದ್ಮೇಲೆ ಯುಟಿಸಿ.

ಒಂದು ದಿನ ಅಂದ್ರೆ 86400 ಸೆಕೆಂಡ್ ಅಂತ ಯಾರೋ ಎಲ್ಲೋ ಬರೆದಿರ್ತಾರೆ. ನ್ಯೂಯಾರ್ಕಲ್ಲಿ 2026 ಮಾರ್ಚ್ 8ಕ್ಕೆ 23 ಗಂಟೆ, ನವೆಂಬರ್ 1ಕ್ಕೆ 25 ಗಂಟೆ. ಇಡೀ ಪ್ರಾಜೆಕ್ಟಲ್ಲಿ 86400, 3600, 24 ಇಂಟು 60 ಅಂತ ಸರ್ಚ್ ಹೊಡೀರಿ, ಸಿಕ್ಕಿದ ಪ್ರತಿ ಸಾಲಿಗೂ ಮೊದಲನೇ ಹಂತದ ಪ್ರಶ್ನೆ ಕೇಳಿ.

ಭಾಷೆಗೊಂದು ತಕರಾರು ಇದೆ, ನಿಮ್ಮದು ಯಾವ್ದೋ ಅಷ್ಟು ಓದ್ಕೊಳ್ಳಿ.

ಪೈಥಾನ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು, ಯಾಕಂದ್ರೆ ಇದು ಅನುಭವ ಇರೋರನ್ನೂ ಬೀಳಿಸುತ್ತೆ. ಜೋನ್‌ಇನ್ಫೋ ಹಾಕಿದ ಡೇಟ್‌ಟೈಮ್‌ಗೆ ಟೈಮ್‌ಡೆಲ್ಟಾ 24 ಗಂಟೆ ಕೂಡಿಸಿದ್ರೆ ಅದು ಕಳೆದ ಹೊತ್ತು ನೋಡಲ್ಲ, ಗೋಡೆ ಗಡಿಯಾರನೇ ತಿರುಗಿಸುತ್ತೆ. ಮಾರ್ಚ್ 7 ಮಧ್ಯಾಹ್ನ 12ಕ್ಕೆ 24 ಗಂಟೆ ಕೂಡಿಸಿದ್ರೆ ಮಾರ್ಚ್ 8 ಮಧ್ಯಾಹ್ನ 12 ಬರುತ್ತೆ, ನಿಜವಾಗಿ ಕಳೆದಿರೋದು 23. ಇನ್ನೂ ಮೋಜು ಅಂದ್ರೆ, ಒಂದೇ ಜೋನಿನ ಎರಡು ಡೇಟ್‌ಟೈಮ್ ಕಳೆದ್ರೂ ಅದು 24 ಅಂತಲೇ ಹೇಳುತ್ತೆ, ಹಂಗಾಗಿ ಕೂಡಿಸಿದ್ದನ್ನ ಕಳೆದು ಟೆಸ್ಟ್ ಮಾಡಿದ್ರೆ ಟೆಸ್ಟ್ ಪಾಸ್! ಎರಡನ್ನೂ ಯುಟಿಸಿ ಮಾಡಿ ಕಳೀರಿ, ಆಗ 23 ಸಿಗುತ್ತೆ. ಹಳೇ ಪ್ರಾಜೆಕ್ಟಲ್ಲಿ ಪೈಟಿಜೆಡ್ ಇದ್ರೆ ಅದನ್ನ ಟಿಜೆಡ್‌ಇನ್ಫೋಗೆ ನೇರವಾಗಿ ಕೊಡಬೇಡಿ, ಲೋಕಲೈಜ್ ಅನ್ನೋ ಮೆಥಡ್ ಬಳಸಿ. ನೇರ ಕೊಟ್ರೆ ನಮ್ಮ ಕೋಲ್ಕತಾ ಜೋನು 5:30 ಬದಲು 5:53 ಅಂತ ಬರುತ್ತೆ, ರೈಲ್ವೆ ಟೈಮಿಗೂ ಮುಂಚಿನ ಕಲ್ಕತ್ತೆಯ ಸೂರ್ಯನ ಟೈಮು ಅದು. ಲಾಗಲ್ಲಿ 23 ನಿಮಿಷದ ವ್ಯತ್ಯಾಸ ಕಂಡ್ರೆ ಬೇರೆ ಏನೂ ಹುಡುಕಬೇಡಿ, ಇದೇ.

ಜಾವಾದಲ್ಲಿ ಝೋನ್ಡ್‌ಡೇಟ್‌ಟೈಮ್ ಒಳ್ಳೇದು, ಪ್ಲಸ್‌ಡೇಸ್ 1 ಅಂದ್ರೆ ಬಾಗಿಲ ಟೈಮು, ಪ್ಲಸ್‌ಅವರ್ಸ್ 24 ಅಂದ್ರೆ ಹಿಟ್ಟಿನ ಟೈಮು. ಪೀರಿಯಡ್ ಮತ್ತು ಡ್ಯುರೇಷನ್ ನಡುವಿನ ವ್ಯತ್ಯಾಸವೂ ಇದೇನೇ.

ಪೋಸ್ಟ್‌ಗ್ರೆಸಲ್ಲೂ ಇಂಟರ್ವಲ್ "1 ದಿನ" ಬೇರೆ, "24 ಗಂಟೆ" ಬೇರೆ. ಆದ್ರೆ ಅದು ಸೆಷನ್‌ನ ಟೈಮ್‌ಜೋನ್ ನೋಡುತ್ತೆ. ಸೆಷನ್ ಯುಟಿಸಿಯಲ್ಲಿದ್ರೆ ಎರಡೂ ಒಂದೇ ಉತ್ತರ. ನಿಮ್ಮ ಲ್ಯಾಪ್‌ಟಾಪಲ್ಲಿ ಸರಿ ಬಂದಿದ್ದು ಸರ್ವರಲ್ಲಿ ತಪ್ಪೋದು ಇದಕ್ಕೇ.

ಜಾವಾಸ್ಕ್ರಿಪ್ಟಲ್ಲಿ ಹಳೇ ಡೇಟ್ ಆಬ್ಜೆಕ್ಟಿಗೆ ಮಷೀನಿನ ಜೋನ್ ಮತ್ತು ಯುಟಿಸಿ ಬಿಟ್ರೆ ಬೇರೆ ಜೋನ್ ಗೊತ್ತಿಲ್ಲ. ಲಕ್ಸನ್ ಥರ ಲೈಬ್ರರಿ ಬಳಸಿ, ಅಥವಾ ನಿಮ್ಮ ಎನ್ವಿರಾನ್‌ಮೆಂಟಲ್ಲಿ ಇದ್ರೆ ಟೆಂಪೊರಲ್. ಇನ್ನೊಂದು, "2026-03-08" ಅಂತ ಬರೀ ತಾರೀಖು ಕೊಟ್ರೆ ಡೇಟ್ ಅದನ್ನ ಯುಟಿಸಿ ಮಧ್ಯರಾತ್ರಿ ಅಂತ ತಗೊಳ್ಳುತ್ತೆ. ನಮ್ಮಲ್ಲಿ ಅದು ಬೆಳಗ್ಗೆ 5:30, ತಾರೀಖು ಸರಿಯಾಗೇ ಕಾಣುತ್ತೆ. ಅಮೆರಿಕದಲ್ಲಿ ಹಿಂದಿನ ದಿನ ಸಂಜೆ, ಅಂದ್ರೆ 7ನೇ ತಾರೀಖು. ನಮ್ಮ ತುಮಕೂರಿನ ಬಟವಾಡಿಯಲ್ಲಿ ಕೂತು ಎಷ್ಟು ಸಲ ಟೆಸ್ಟ್ ಮಾಡಿದ್ರೂ ಈ ಬಗ್ ನಿಮಗೆ ಕಾಣಿಸೋದೇ ಇಲ್ಲ.

## ಹಂತ 5: ಇಲ್ಲದ ಗಂಟೆ, ಎರಡು ಸಲ ಬರೋ ಗಂಟೆ

2026 ಮಾರ್ಚ್ 8ರ ಬೆಳಗಿನ ಜಾವ 2:30 ಅನ್ನೋದು ನ್ಯೂಯಾರ್ಕಲ್ಲಿ ಇಲ್ಲವೇ ಇಲ್ಲ. ನವೆಂಬರ್ 1ರ 1:30 ಎರಡು ಸಲ ಬರುತ್ತೆ, ಮೊದಲನೇದು ನಮ್ಮ ಬೆಳಗ್ಗೆ 11ಕ್ಕೆ, ಎರಡನೇದು ನಮ್ಮ ಮಧ್ಯಾಹ್ನ 12ಕ್ಕೆ.

ಪತ್ತೆ ಹಚ್ಚೋದು ಸುಲಭ. ಸ್ಥಳೀಯ ಟೈಮನ್ನ ಯುಟಿಸಿಗೆ ತಿರುಗಿಸಿ, ಅದನ್ನ ವಾಪಸ್ ಸ್ಥಳೀಯಕ್ಕೆ ತನ್ನಿ. ಕೊಟ್ಟಿದ್ದೇ ವಾಪಸ್ ಬರಲಿಲ್ಲ ಅಂದ್ರೆ ಅದು ಇಲ್ಲದ ಗಂಟೆ. ವಾಪಸ್ ಬಂತು, ಆದ್ರೆ ಪೈಥಾನ್‌ನಲ್ಲಿ ಫೋಲ್ಡ್ (ಎರಡು ಸಲ ಬರೋ ಗಂಟೆಯಲ್ಲಿ ಮೊದಲನೇದಾ ಎರಡನೇದಾ ಅಂತ ಹೇಳೋ ಗುರುತು) 0 ಮತ್ತು ಫೋಲ್ಡ್ 1ಕ್ಕೆ ಬೇರೆ ಬೇರೆ ಆಫ್‌ಸೆಟ್ ತೋರಿಸ್ತಿದೆ ಅಂದ್ರೆ ಎರಡು ಸಲ ಬರೋ ಗಂಟೆ. ಬರೀ ಫೋಲ್ಡ್ ನೋಡಿ ತೀರ್ಮಾನ ಮಾಡಬೇಡಿ, ಇಲ್ಲದ ಗಂಟೆಯಲ್ಲೂ ಆಫ್‌ಸೆಟ್ ಬೇರೆ ಬೇರೆ ಬರುತ್ತೆ, ಅದಕ್ಕೇ ವಾಪಸ್ ತರೋ ಟೆಸ್ಟ್ ಮೊದಲು.

ಲೈಬ್ರರಿ ಎರರ್ ಕೊಡುತ್ತೆ ಅಂತ ಕಾಯಬೇಡಿ. ಜಾವಾ ಸದ್ದಿಲ್ಲದೆ 2:30ನ 3:30 ಮಾಡುತ್ತೆ, ಎರಡು ಸಲ ಬರೋದ್ರಲ್ಲಿ ಮೊದಲನೇದನ್ನ ತಗೊಳ್ಳುತ್ತೆ, ಎರಡನೇದು ಬೇಕಂದ್ರೆ ವಿತ್‌ಲೇಟರ್‌ಆಫ್‌ಸೆಟ್‌ಅಟ್‌ಓವರ್‌ಲ್ಯಾಪ್ ಅಂತ ಉದ್ದ ಹೆಸರಿನ ಮೆಥಡ್ ಕರೀಬೇಕು. ರಿಮೈಂಡರ್‌ಗೆ ಇದು ಓಕೆ. ಆಸ್ಪತ್ರೆಯ ಔಷಧಿ ಟೈಮಿಗೋ ಸಂಬಳದ ಲೆಕ್ಕಕ್ಕೋ ಆದ್ರೆ ಯೂಸರನ್ನೇ ಕೇಳ್ಬೇಕು, ಸ್ಕ್ರೀನಲ್ಲಿ "ಮೊದಲನೇ 1:30, ಎರಡನೇ 1:30" ಅಂತ ಎರಡು ಆಪ್ಷನ್ ತೋರಿಸಿ. ನನ್ನ ಪ್ರಕಾರ ಈ ತೀರ್ಮಾನನ ಕೋಡ್ ಕಾಮೆಂಟಲ್ಲಿ ಬರೆಯೋದು ಕೋಡ್ ಬರೆಯೋದಕ್ಕಿಂತ ಮುಖ್ಯ, ಇಲ್ಲಾಂದ್ರೆ ಮುಂದಿನ ವರ್ಷ ಬರೋ ಹುಡುಗ "ಇದೇನಿದು ಬೇಡದ್ದು" ಅಂತ ಅಳಿಸಿ ಹಾಕ್ತಾನೆ.

## ಹಂತ 6: ದಿನ ಎಲ್ಲಿಂದ ಎಲ್ಲಿಗೆ

"ಇವತ್ತಿನ ಸೇಲ್ಸ್" ಅಂತ ಕ್ವೆರಿ ಬರೆಯೋವಾಗ 00:00ರಿಂದ 23:59:59 ಅಂತ ಹಾಕಬೇಡಿ. ದಿನ ಶುರುವಾಗೋ ಕ್ಷಣದಿಂದ, ಅದೂ ಸೇರಿ, ಮಾರನೇ ದಿನ ಶುರುವಾಗೋ ಕ್ಷಣದವರೆಗೆ, ಅದು ಬಿಟ್ಟು. ಎರಡೂ ತುದಿಯನ್ನ ಸ್ಥಳೀಯ ತಾರೀಖಿಂದ ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಶುರುಗೆ 24 ಗಂಟೆ ಸೇರಿಸಿ ಕೊನೆ ಅನ್ನಬೇಡಿ.

ದಿನ ಯಾವಾಗ್ಲೂ 00:00ಕ್ಕೇ ಶುರುವಾಗುತ್ತೆ ಅನ್ನೋದೂ ಸುಳ್ಳು. ಕೈರೋದಲ್ಲಿ 2024 ಏಪ್ರಿಲ್ 26ಕ್ಕೆ ಮಧ್ಯರಾತ್ರಿನೇ ಇರಲಿಲ್ಲ, ದಿನ ಶುರುವಾಗಿದ್ದೇ 1 ಗಂಟೆಗೆ. ಜಾವಾದ ಅಟ್‌ಸ್ಟಾರ್ಟ್‌ಆಫ್‌ಡೇಗೆ ಜೋನ್ ಕೊಟ್ರೆ ಇದನ್ನ ಸರಿಯಾಗಿ ಹೇಳುತ್ತೆ.

ಗಂಟೆವಾರು ಗ್ರಾಫ್ ಇದ್ರೆ ಮಾರ್ಚಲ್ಲಿ 23 ಕಂಬ, ನವೆಂಬರಲ್ಲಿ 25 ಕಂಬ ಬರಬೇಕು. ಸ್ಥಳೀಯ ಗಂಟೆ ಮೇಲೆ ಗ್ರೂಪ್ ಮಾಡಿದ್ರೆ 1 ಗಂಟೆ ಕಂಬ ಡಬಲ್ ಎತ್ತರ ಆಗುತ್ತೆ, ಕ್ಲೈಂಟ್ ಖುಷಿಯಾಗಿ "ಏನಿದು ರಾತ್ರಿ ಇಷ್ಟು ಸೇಲ್ಸ್" ಅಂತ ಕೇಳ್ತಾರೆ.

## ಹಂತ 7: ಕ್ರಾನ್ ಜಾಬ್

ಕ್ರಾನ್ ಅಂದ್ರೆ ಹೇಳಿದ ಹೊತ್ತಿಗೆ ಕೆಲಸನ ತಾನಾಗೇ ಓಡಿಸೋ ಪ್ರೋಗ್ರಾಮ್. ಸರ್ವರ್ ಜೋನ್ ಯುಟಿಸಿಯಲ್ಲೇ ಇಡಿ. ಸ್ಥಳೀಯ ಟೈಮಲ್ಲೇ ಓಡಬೇಕು ಅಂದ್ರೆ ಬೆಳಗಿನ ಜಾವ 1ರಿಂದ 3ರ ಮಧ್ಯೆ ಏನೂ ಇಡಬೇಡಿ, 4ಕ್ಕೋ 5ಕ್ಕೋ ತಳ್ಳಿ. ಕೆಲವು ಕ್ರಾನ್‌ಗಳು ತಪ್ಪಿದ ಜಾಬನ್ನ ಜಿಗಿತ ಆದ ತಕ್ಷಣ ಓಡಿಸ್ತವೆ, ಕೆಲವು ಬಿಟ್ಟೇಬಿಡ್ತವೆ, ನಿಮ್ಮದು ಯಾವ ಜಾತಿ ಅಂತ ಅದರ ಮ್ಯಾನ್ ಪೇಜ್ ಓದಿ. ಎರಡು ಸಲ ಓಡಿದ್ರೂ ಹಾಳಾಗದ ಹಾಗೆ "ಈ ತಾರೀಖಿನ ಬಿಲ್ಲಿಂಗ್ ಆಯ್ತು" ಅಂತ ಟೇಬಲಲ್ಲಿ ಒಂದು ರೋ (ಸಾಲು) ಬರೆದು, ಅದಕ್ಕೆ ಯೂನಿಕ್ ಕೀ ಹಾಕಿ.

## ಹಂತ 8: ಟೆಸ್ಟ್, ಆದ್ರೆ ತುಮಕೂರಿನ ಗಡಿಯಾರದಲ್ಲಲ್ಲ

ನಾವು ಪದೇಪದೇ ಫೇಲ್ ಆಗೋಕೆ ದೊಡ್ಡ ಕಾರಣ ನಮ್ಮ ಲ್ಯಾಪ್‌ಟಾಪೇ. ಅದು ಐಎಸ್‌ಟಿಯಲ್ಲಿದೆ, ಐಎಸ್‌ಟಿ ಜಿಗಿಯಲ್ಲ, ಹಂಗಾಗಿ ಎಲ್ಲಾ ಟೆಸ್ಟೂ ಹಸಿರು. ಟೆಸ್ಟ್ ಓಡಿಸೋ ಮುಂಚೆ ಟಿಜೆಡ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗೆ ಅಮೆರಿಕಾ/ನ್ಯೂಯಾರ್ಕ್ ಕೊಡಿ, ವಿಂಡೋಸ್ ಇದ್ರೆ ಅದರೊಳಗೇ ಲಿನಕ್ಸ್ ಓಡಿಸೋ ಡಬ್ಲ್ಯುಎಸ್‌ಎಲ್ ಒಳಗೆ ಓಡಿಸಿ. ಸಿಐಯಲ್ಲಿ (ಕೋಡ್ ಬದಲಾದಾಗಲೆಲ್ಲಾ ಟೆಸ್ಟ್ ತಾನಾಗೇ ಓಡಿಸೋ ವ್ಯವಸ್ಥೆ) ಮೂರು ಸಲ ಓಡಿಸಿದ್ರೆ ಇನ್ನೂ ಒಳ್ಳೇದು: ಯುಟಿಸಿ, ನ್ಯೂಯಾರ್ಕ್, ಸಿಡ್ನಿ.

ಕೋಡ್ ಒಳಗೆ ಎಲ್ಲಂದ್ರಲ್ಲಿ "ಈಗ ಎಷ್ಟು ಗಂಟೆ" ಅಂತ ಸಿಸ್ಟಮನ್ನ ಕೇಳಬೇಡಿ. ಗಡಿಯಾರನ ಹೊರಗಿಂದ ಕೊಡಿ, ಜಾವಾದಲ್ಲಿ ಕ್ಲಾಕ್ ಅಂತ ಅದಕ್ಕೇ ಇದೆ, ಪೈಥಾನಲ್ಲಿ ಟೆಸ್ಟಿಗೆ ಫ್ರೀಜ್‌ಗನ್ ಬಳಸಿ. ಆಮೇಲೆ ಇಷ್ಟು ಕೇಸ್ ಬರೀರಿ: ಮಾರ್ಚ್ 7 ರಾತ್ರಿ 10ರಿಂದ ಬೆಳಗ್ಗೆ 6ರ ಶಿಫ್ಟ್ 7 ಗಂಟೆ ಬರಬೇಕು, ಅಕ್ಟೋಬರ್ 31 ರಾತ್ರಿ 10ರಿಂದ 6ರದ್ದು 9 ಬರಬೇಕು, ಮಾಮೂಲಿ ದಿನದ್ದು 8. ದಿನಾ 9ರ ರಿಮೈಂಡರ್ ಜಿಗಿತದ ಹಿಂದೆ ಮುಂದೆ ಎರಡೂ ದಿನ 9ಕ್ಕೇ ಇರಬೇಕು. ಲಾರ್ಡ್ ಹೋವ್‌ಗೆ ಒಂದು, ಕೈರೋ ಮಧ್ಯರಾತ್ರಿಗೆ ಒಂದು.

## ಹಂತ 9: ಆಗಲೇ ಕೆಟ್ಟಿರೋ ಡೇಟಾ ರಿಪೇರಿ

ಇದನ್ನ ನನ್ನದೇ ಕಥೆಯಿಂದ ಹೇಳ್ತೀನಿ. ಒಹಾಯೋದ ಒಂದು ಗೋಡೌನಿನ ಹಾಜರಾತಿ ಲೆಕ್ಕ ನನ್ನ ಕೈಲಿತ್ತು. ಹಿಂದಿನವರು ಪಂಚ್ ಟೈಮನ್ನ ಜೋನ್ ಇಲ್ಲದೆ ಬರೀ ಸ್ಥಳೀಯ ಗಂಟೆಯಾಗಿ ಇಟ್ಟಿದ್ರು, ನಾನೂ ನೋಡಿ ಸುಮ್ಮನಿದ್ದೆ. ನವೆಂಬರಿನ ಆ ಭಾನುವಾರ ಮನೆಯಲ್ಲಿ ತಿಂಡಿ ತಿಂದು ಲಾಗ್ ತೆಗೆದು ಕೂತೆ, ನಮ್ಮ ಗಡಿಯಾರ 11:30 ಆಗ್ತಿದ್ದಂಗೆ ಪರದೆ ಮೇಲೆ ಹಿಂಗೆ ಹರೀತು:

01:59:58
01:59:59
01:00:00
01:00:01

ಮಾರನೇ ದಿನ ರಿಪೋರ್ಟಲ್ಲಿ ಒಬ್ಬ ಕೆಲಸಗಾರನ ಓವರ್‌ಟೈಮ್ ಮೈನಸ್ 40 ನಿಮಿಷ. ಒಳಗೆ ಬಂದಿದ್ದು 1:50, ಹೊರಗೆ ಹೋಗಿದ್ದು 1:10. ಆತ ಮಾಡಿದ್ದು 20 ನಿಮಿಷ, ನಮ್ಮ ಸಾಫ್ಟ್‌ವೇರು ಆತನೇ ಕಂಪನಿಗೆ 40 ನಿಮಿಷ ಸಾಲ ಅಂತ ತೋರಿಸ್ತು. ರಾತ್ರಿ ಪಾಳಿಯ ಮಿಕ್ಕವರಿಗೆ 9 ಗಂಟೆ ಕೆಲಸಕ್ಕೆ 8 ಗಂಟೆ ಸಂಬಳ, ಅದು ಮೈನಸ್ ಅಲ್ಲದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನನಗೆ ಹೊಟ್ಟೆ ಉರಿದಿದ್ದು ಅದಕ್ಕೇ.

ಸರಿ ಮಾಡಿದ್ದು ಹಿಂಗೆ. ಮೊದಲು ಟೇಬಲ್ ಪೂರ್ತಿ ಬ್ಯಾಕಪ್. ಹಳೇ ಕಾಲಮ್ ಮುಟ್ಟದೆ ಪಕ್ಕದಲ್ಲಿ ಯುಟಿಸಿಗೆ ಹೊಸ ಕಾಲಮ್. ಪ್ರತಿ ವರ್ಷದ ನವೆಂಬರ್ ಮೊದಲ ಭಾನುವಾರದ 1:00ರಿಂದ 1:59ರ ರೋಗಳನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಸ್ಕ್ರಿಪ್ಟಲ್ಲೇ ತಿರುಗಿಸಿದೆ, ಅಲ್ಲಿ ಗೊಂದಲವೇ ಇಲ್ಲ. ಉಳಿದ ರೋಗಳನ್ನ ಆಟೋ ಇನ್‌ಕ್ರಿಮೆಂಟ್ ಐಡಿ ಪ್ರಕಾರ ಜೋಡಿಸಿದ್ರೆ ಐಡಿ ಏರ್ತಾ ಹೋಗುತ್ತೆ, ಟೈಮು ಒಂದು ಕಡೆ ಹಿಂದಕ್ಕೆ ಬೀಳುತ್ತೆ. ಬೀಳೋಕೆ ಮುಂಚಿನವು ಮೊದಲನೇ 1 ಗಂಟೆ, ಬಿದ್ದ ಮೇಲಿನವು ಎರಡನೇದು. ಆಫ್‌ಲೈನ್ ಇದ್ದು ಆಮೇಲೆ ಸಿಂಕ್ ಆದ ಪಂಚಿಂಗ್ ಮಷೀನುಗಳ ರೋಗಳಿಗೆ ಈ ಉಪಾಯ ನಡೆಯಲ್ಲ, ಅವನ್ನ ಗುರುತು ಹಾಕಿ ಅಲ್ಲಿನ ಸೂಪರ್‌ವೈಸರ್‌ಗೆ ಲಿಸ್ಟ್ ಕಳಿಸಿದೆ. ಊಹೆ ಮಾಡಿ ತುಂಬಿಸಬೇಡಿ, ಅದು ಒಬ್ಬರ ಸಂಬಳ.

## ಈ ಲಕ್ಷಣ ಕಂಡ್ರೆ ಹುಷಾರು

ಕಂಪ್ಲೇಂಟ್ ಮಾರ್ಚ್, ನವೆಂಬರ್‌ನಲ್ಲಿ ಮಾತ್ರ ಬಂದು ಒಂದೆರಡು ದಿನಕ್ಕೆ ತಾನಾಗೇ ನಿಂತುಹೋಗ್ತಿದ್ರೆ ಅದು ವಾಸಿಯಾಗಿಲ್ಲ. ಮೈನಸ್ ಹೊತ್ತು, ಕರೆಕ್ಟಾಗಿ 60 ನಿಮಿಷದ ವ್ಯತ್ಯಾಸ, ಗ್ರಾಫಲ್ಲಿ 2ರಿಂದ 3ರ ಮಧ್ಯೆ ತೂತು, ಬೆಳಗಿನ ಜಾವ 1 ಗಂಟೆಗೆ ಯೂನಿಕ್ ಕೀ ಎರರ್, ತಾರೀಖು ಅಮೆರಿಕದವರಿಗೆ ಮಾತ್ರ ಒಂದು ದಿನ ಹಿಂದೆ. ಕೋಡಲ್ಲಿ "+05:30" ಅಂತ ಕೈಯಲ್ಲೇ ಬರೆದಿರೋದು, ರಿಪ್ಲೇಸ್ ಹಾಕಿ ಟಿಜೆಡ್‌ಇನ್ಫೋ ಬದಲಾಯಿಸಿರೋದು, ಪೈಥಾನಲ್ಲಿ ಯುಟಿಸಿನೌ ಇರೋದು, ಅದನ್ನಂತೂ 3.12ರಿಂದ ಬಳಸಬೇಡಿ ಅಂತ ಅವರೇ ಹೇಳಿದಾರೆ. ಇನ್ನು "ನವೆಂಬರ್ ಆದ್ರೆ ಒಂದು ಗಂಟೆ ಕಳಿ" ಅಂತ ಇಫ್ ಹಾಕಿರೋ ಕೋಡ್ ಸಿಕ್ಕಿದ್ರೆ, ಅದನ್ನ ಸರಿ ಮಾಡೋಕೆ ಹೋಗದೆ ಪೂರ್ತಿ ಕಿತ್ತು ಹಾಕಿ.

## ಬದಲಾವಣೆಯ ಭಾನುವಾರ ಏನು ಮಾಡ್ಬೇಕು

ಹಿಂದಿನ ವಾರವೇ ಸರ್ವರ್, ಡಾಕರ್ ಇಮೇಜ್, ಜಾವಾ, ಡೇಟಾಬೇಸ್ ನಾಲ್ಕರಲ್ಲೂ ಟಿಜೆಡ್‌ಡೇಟಾ ವರ್ಷನ್ ನೋಡಿ. ಶುಕ್ರವಾರ ಸಂಜೆ ಹೊಸ ರಿಲೀಸ್ ಮಾಡಬೇಡಿ. ನ್ಯೂಯಾರ್ಕಿನ ಜಿಗಿತ ಮಾರ್ಚಲ್ಲಿ ನಮ್ಮ ಭಾನುವಾರ ಮಧ್ಯಾಹ್ನ 12:30ಕ್ಕೆ, ನವೆಂಬರಲ್ಲಿ ಬೆಳಗ್ಗೆ 11:30ಕ್ಕೆ. ಶಿಕಾಗೋ ಅದಾಗಿ ಒಂದು ಗಂಟೆಗೆ, ಡೆನ್ವರ್ ಎರಡು, ಲಾಸ್ ಏಂಜಲೀಸ್ ಮೂರು ಗಂಟೆಗೆ. ಲಂಡನ್ ಎರಡು ಸಲವೂ ನಮ್ಮ ಬೆಳಗ್ಗೆ 6:30, ಸಿಡ್ನಿ ಶನಿವಾರ ರಾತ್ರಿ 9:30. ಅಷ್ಟೊತ್ತಿಗೆ ಲಾಗ್ ತೆರೆದು ಕೂತು, ಜಿಗಿತ ಆದ ಮೇಲೆ ಮೂರು ಕೆಲಸ ಮಾಡಿ: ಮೈನಸ್ ಹೊತ್ತು ಇರೋ ರೋ ಇದೆಯಾ ಅಂತ ಒಂದು ಕ್ವೆರಿ, ಮುಂದಿನ 24 ಗಂಟೆಯ ರಿಮೈಂಡರ್‌ಗಳ ಸ್ಥಳೀಯ ಗಂಟೆ ಸರಿ ಇದೆಯಾ ಅಂತ ಇನ್ನೊಂದು ಕ್ವೆರಿ, ರಾತ್ರಿ ಜಾಬ್‌ಗಳು ಒಂದೊಂದೇ ಸಲ ಓಡಿದಾವಾ ಅಂತ ನೋಡೋದು. ಮಾರ್ಚಲ್ಲಿ ಲಾಸ್ ಏಂಜಲೀಸ್ ಜಿಗಿಯೋದು ಮಧ್ಯಾಹ್ನ 3:30ಕ್ಕೆ, ಆ ಕ್ಲೈಂಟ್ ಇರೋರು ಊಟ ಮುಗಿಸ್ಕೊಂಡೇ ಕೂರಬಹುದು.